ಟನಲ್ ಅಪ್ ಇದೆ, ಉತ್ತರ ಮಾತ್ರ ಬರ್ತಿಲ್ಲ

"ಟನಲ್ ಅಪ್ ಇದೆ, ಬಿಜಿಪಿ ಅಪ್ ಇದೆ, ಆದ್ರೂ ಕನೆಕ್ಟ್ ಆಗ್ತಿಲ್ಲ." ಕ್ಲೌಡ್ ಮತ್ತು ಡೇಟಾ ಸೆಂಟರ್ ನಡುವಿನ ನೆಟ್‌ವರ್ಕ್ ನೋಡಿಕೊಳ್ಳುವವರು ಈ ಮಾತು ಕೇಳಿಯೇ ಇರುತ್ತಾರೆ. ಟನಲ್ ಅಂದರೆ ಎರಡೂ ಕಡೆಯನ್ನು ಜೋಡಿಸುವ ಸುರಕ್ಷಿತ ಸಂಪರ್ಕ, ಬಿಜಿಪಿ ಅಂದರೆ ಎರಡೂ ಕಡೆಯ ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್. ಟನಲ್ ಅಪ್ ಅಂತ ಖಾತ್ರಿಯಾದ ಮೇಲೆ ಅದನ್ನೇ ಕೆದಕುತ್ತಾ ಕೂರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪ್ಯಾಕೆಟ್ ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ವಾಪಸ್ ಬರುವ ದಾರಿಯನ್ನು ಯಾರೂ ಕೇಳುವುದಿಲ್ಲ.

ಈಚೆಗೆ ನಮ್ಮಲ್ಲಿ ಬಂದ ಕೇಸ್ ಹೇಳುತ್ತೇನೆ. ಕ್ಲೌಡ್ ಕಡೆ 172.17.0.0/16 ವಿಪಿಸಿ (ಕ್ಲೌಡ್‌ನಲ್ಲಿ ನಮ್ಮದೇ ಖಾಸಗಿ ನೆಟ್‌ವರ್ಕ್), ಅದರೊಳಗೆ 172.17.40.0/24 ಅಂತ ಹೊಸ ಅಪ್ಲಿಕೇಶನ್ ಸಬ್‌ನೆಟ್ (ಅದರ ಒಂದು ಭಾಗ). ಕೊನೆಯ /16, /24 ಹೇಳುವುದು ವಿಳಾಸಗಳ ಗುಂಪಿನ ಗಾತ್ರ; ಅಂಕಿ ದೊಡ್ಡದಾದಷ್ಟೂ ಗುಂಪು ಚಿಕ್ಕದು. ಡೇಟಾ ಸೆಂಟರ್ ಕಡೆ 10.20.5.0/24ರಲ್ಲಿ ಅಕ್ಕಪಕ್ಕ ಎರಡು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್. ಒಂದೇ ಸ್ವಿಚ್, ಒಂದೇ ಗೇಟ್‌ವೇ, ಒಂದೇ ಫೈರ್‌ವಾಲ್ ರೂಲ್. ಅಪ್ಲಿಕೇಶನ್‌ನಿಂದ 10.20.5.21ಕ್ಕೆ ತಕ್ಷಣ ಕನೆಕ್ಟ್ ಆಗುತ್ತದೆ. 10.20.5.22ಕ್ಕೆ ಟೈಮ್‌ಔಟ್.

ಮೊದಲು ಕ್ಲೌಡ್‌ನ ರೂಟ್ ಟೇಬಲ್ (ಯಾವ ವಿಳಾಸಕ್ಕೆ ಯಾವ ದಾರಿ ಅನ್ನುವ ಪಟ್ಟಿ) ನೋಡಿದೆವು. ಹೊಸ ಸಬ್‌ನೆಟ್ ಅಂದ ಮೇಲೆ ಅದನ್ನು ನೋಡಲೇಬೇಕು. ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನಲ್ಲಿ ಸಬ್‌ನೆಟ್‌ಗೆ ರೂಟ್ ಟೇಬಲ್ ಜೋಡಿಸದಿದ್ದರೆ ಅದು ಮೇನ್ ಟೇಬಲ್‌ಗೆ ಹೋಗಿ ಬೀಳುತ್ತದೆ, ಅಲ್ಲಿ ಗೇಟ್‌ವೇಯ ಪ್ರೊಪಗೇಶನ್ (ಅದು ಕಲಿತ ರೂಟ್‌ಗಳು ತಾವಾಗಿಯೇ ಟೇಬಲ್‌ಗೆ ಸೇರುವುದು) ಆಫ್ ಇದ್ದರೆ ಡೇಟಾ ಸೆಂಟರ್‌ನ ರೂಟ್ ಕಾಣುವುದೇ ಇಲ್ಲ. ನಮ್ಮದರಲ್ಲಿ ರೂಟ್ ಸರಿಯಾಗಿತ್ತು. ಹೇಗೂ .21 ಕೆಲಸ ಮಾಡುತ್ತಿತ್ತಲ್ಲ.

ಆಮೇಲೆ ಒಬ್ಬರು ಕ್ಲೌಡ್‌ನ ಟ್ರಾಫಿಕ್ ದಾಖಲೆಯಾದ ಫ್ಲೋ ಲಾಗ್ ತೆಗೆದು "ಆಕ್ಸೆಪ್ಟ್ ಅಂತಿದೆ, ಅಂದ್ರೆ ಪ್ಯಾಕೆಟ್ ತಲುಪಿದೆ" ಅಂದರು. ಇಲ್ಲಿ ತುಂಬಾ ಜನ ಎಡವುತ್ತಾರೆ. ಸೆಕ್ಯುರಿಟಿ ಗ್ರೂಪ್ ಮತ್ತು ನೆಟ್‌ವರ್ಕ್ ಎಸಿಎಲ್ ಅನ್ನುವ ಕ್ಲೌಡ್‌ನ ಫಿಲ್ಟರ್‌ಗಳು ಬಿಟ್ಟವು ಅನ್ನುವುದಷ್ಟೇ ಆ 'ಆಕ್ಸೆಪ್ಟ್'ನ ಅರ್ಥ. ಆಚೆ ದಡ ಮುಟ್ಟಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಪಿಂಗ್ ಕೂಡ ಅಷ್ಟೇ. ಪಿಂಗ್ ಬಳಸುವ ಐಸಿಎಂಪಿ ಪ್ರೋಟೋಕಾಲನ್ನು ಬಿಡದ ಫೈರ್‌ವಾಲ್ ಮಧ್ಯೆ ಇದ್ದರೆ ಪಿಂಗ್ ಫೇಲ್ ಆಗಿದ್ದರಿಂದ ಏನೂ ಸಾಬೀತಾಗುವುದಿಲ್ಲ.

ಹಾಗಾಗಿ .22 ಮೇಲೆಯೇ ಟಿಸಿಪಿಡಂಪ್ (ಪ್ಯಾಕೆಟ್ ಹಿಡಿದು ತೋರಿಸುವ ಸಾಧನ) ಹಾಕಿದೆ, ಅದರ ನೆಟ್‌ವರ್ಕ್ ಇಂಟರ್‌ಫೇಸ್ ಈಟಿಎಚ್0 ಮೇಲೆ, ಪೋಸ್ಟ್‌ಗ್ರೆಸ್‌ನ ಪೋರ್ಟ್ 5432. ಅಪ್ಲಿಕೇಶನ್‌ನ ವಿಳಾಸ 172.17.40.12ರಿಂದ ಸಿನ್ (ಕನೆಕ್ಷನ್ ಕೇಳುವ ಮೊದಲ ಪ್ಯಾಕೆಟ್) ಬರುತ್ತಿದೆ. ಒಂದು ಸೆಕೆಂಡ್ ಬಿಟ್ಟು ಮತ್ತೆ ಅದೇ ಸಿನ್. ಮತ್ತೆರಡು ಸೆಕೆಂಡ್ ಬಿಟ್ಟು ಇನ್ನೊಂದು. ಅದಕ್ಕೆ ಉತ್ತರವಾದ ಸಿನ್-ಆಕ್ ಒಂದೂ ಹೊರಗೆ ಹೋಗುತ್ತಿಲ್ಲ. ಅಲ್ಲಿಗೆ ಕ್ಲೌಡ್, ಟನಲ್, ನಡುವಿನ ಫೈರ್‌ವಾಲ್ ಮೂರೂ ಆರೋಪಮುಕ್ತ. ಸರ್ವರ್ ಬಾಗಿಲ ತನಕ ಪ್ಯಾಕೆಟ್ ಬಂದಿದೆ.

ಮುಂದಿನ ಪ್ರಶ್ನೆ ಸರ್ವರ್‌ಗೇ ಕೇಳಬೇಕು: ಈ ವಿಳಾಸಕ್ಕೆ ಉತ್ತರ ಕಳಿಸಬೇಕಾದರೆ ನೀನು ಯಾವ ದಾರಿ ಹಿಡಿಯುತ್ತೀಯ? 'ಐಪಿ ರೂಟ್ ಗೆಟ್ 172.17.40.12' ಅಂತ ಹೊಡೆದರೆ ಒಂದೇ ಸಾಲಿನ ಉತ್ತರ ಬರುತ್ತದೆ. .21ರಲ್ಲಿ ಅದು ಗೇಟ್‌ವೇ 10.20.5.1 ತೋರಿಸಿತು. .22ರಲ್ಲಿ 'ಡೆವ್ ಡಾಕರ್0'.

ಆ ಸರ್ವರ್‌ನಲ್ಲಿ ಮಾನಿಟರಿಂಗ್‌ಗೆ ಅಂತ ಒಂದು ಸಣ್ಣ ಡಾಕರ್ ಕಂಟೇನರ್ (ಉಳಿದದ್ದರಿಂದ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ) ಓಡುತ್ತಿತ್ತು. ಡಾಕರ್ ಹಾಕಿದಾಗ ಸಾಮಾನ್ಯವಾಗಿ ಅದರ ಬ್ರಿಡ್ಜ್‌ಗೆ, ಅಂದರೆ ಸರ್ವರ್‌ನೊಳಗೆ ಕಂಟೇನರ್‌ಗಳನ್ನು ಜೋಡಿಸುವ ಡಾಕರ್0 ನೆಟ್‌ವರ್ಕ್‌ಗೆ, ಸಿಗುವುದು 172.17.0.0/16. ಅಂದರೆ ನಮ್ಮ ಇಡೀ ವಿಪಿಸಿ ತನ್ನ ಮಡಿಲಲ್ಲೇ ಇದೆ ಅಂತ ಆ ಲಿನಕ್ಸ್ ಮಷಿನ್ ನಂಬಿಕೊಂಡಿತ್ತು. ಬೇರೆ ಯಾವ ದಾರಿಯೂ ಹೊಂದದಾಗ ಬಳಸುವ ಡೀಫಾಲ್ಟ್ ರೂಟ್‌ಗಿಂತ /16 ಜಾಸ್ತಿ ನಿರ್ದಿಷ್ಟ, ಹಾಗಾಗಿ /16 ಗೆಲ್ಲುತ್ತದೆ. ಮೇಲಾಗಿ ಆರ್‌ಪಿ_ಫಿಲ್ಟರ್ (ಬಂದ ಪ್ಯಾಕೆಟ್‌ನ ಮೂಲ ವಿಳಾಸ ಪರೀಕ್ಷಿಸುವ ಲಿನಕ್ಸ್ ಸೆಟ್ಟಿಂಗ್) ಕಟ್ಟುನಿಟ್ಟಾಗಿ ಆನ್ ಇದ್ದರೆ, "ಈ ಮೂಲ ವಿಳಾಸ ಈ ಇಂಟರ್‌ಫೇಸ್‌ನಿಂದ ಬರುವಂತಿಲ್ಲ" ಅಂತ ಕರ್ನಲ್ ಪ್ಯಾಕೆಟ್ಟನ್ನು ಸುಮ್ನೆ ಬಿಸಾಡುತ್ತದೆ. ಪೋಸ್ಟ್‌ಗ್ರೆಸ್ ಲಾಗ್‌ನಲ್ಲಿ ಒಂದಕ್ಷರವೂ ಬರುವುದಿಲ್ಲ.

ಆ ಕ್ಷಣಕ್ಕೆ ಅದೇ ನಿಯಮವನ್ನು ನಮ್ಮ ಕಡೆ ತಿರುಗಿಸಿಕೊಂಡೆವು. 172.17.40.0/24ಕ್ಕೆ 10.20.5.1 ಮೂಲಕ ಒಂದು ಸ್ಟ್ಯಾಟಿಕ್ ರೂಟ್ ಸೇರಿಸಿದೆವು. /24ರ ಮುಂದೆ /16 ಸೋಲುತ್ತದೆ, ಕನೆಕ್ಷನ್ ತಕ್ಷಣ ಬಂತು. ಇದು ತಾತ್ಕಾಲಿಕ. ರೀಬೂಟ್ ಆದರೆ ಆ ರೂಟ್ ಹೋಗುತ್ತದೆ, ನಾಳೆ ಇನ್ನೊಂದು ಸಬ್‌ನೆಟ್ ಬಂದರೆ ಮತ್ತೆ ಅದೇ ಕಥೆ. ವಿಪಿಸಿಯ ಮೂಲ ಸಿಐಡಿಆರ್ (ವಿಳಾಸಗಳ ರೇಂಜ್) ಬದಲಾಯಿಸಲು ಆಗುವುದಿಲ್ಲ, ಹಾಗಾಗಿ ಡಾಕರ್ ಬದಲಾಗಬೇಕು. ಡಾಕರ್‌ನ ಸೆಟ್ಟಿಂಗ್ ಇರುವ ಡೀಮನ್ ಜೇಸನ್ ಫೈಲ್‌ನಲ್ಲಿ 'ಬಿಐಪಿ'ಗೆ (ಬ್ರಿಡ್ಜ್‌ನ ವಿಳಾಸ) ಬೇರೆ ರೇಂಜ್ ಕೊಟ್ಟು, ಮೆಂಟೆನೆನ್ಸ್ ಸಮಯದಲ್ಲಿ ಡಾಕರ್ ರೀಸ್ಟಾರ್ಟ್ ಮಾಡಿದೆವು. ಜೊತೆಗೆ 'ಡೀಫಾಲ್ಟ್ ಅಡ್ರೆಸ್ ಪೂಲ್ಸ್' ಕೂಡ ಬರೆಯಿರಿ. ಇಲ್ಲದಿದ್ದರೆ ಹಲವು ಕಂಟೇನರ್ ಒಟ್ಟಿಗೆ ಓಡಿಸುವ ಡಾಕರ್ ಕಂಪೋಸ್ ಮಾಡುವ ಹೊಸ ನೆಟ್‌ವರ್ಕ್‌ಗಳು 172.18, 172.19 ಅಂತ ಮುಂದಕ್ಕೆ ಹಿಡಿಯುತ್ತಾ ಹೋಗುತ್ತವೆ.

ಲಕ್ಷಣ ಬೇರೆ ಇದ್ದರೆ ಕಾರಣವೂ ಬೇರೆ. ಕನೆಕ್ಟ್ ಆಗಿ, ಸಣ್ಣ ಕ್ವೆರಿ ಓಡಿ, ದೊಡ್ಡ ರಿಸಲ್ಟ್ ಬರುವಾಗ ನಿಂತುಹೋದರೆ ಅದು ಸಾಮಾನ್ಯವಾಗಿ ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರದ ಸಮಸ್ಯೆ. 1500 ಬೈಟ್‌ನ ಪ್ಯಾಕೆಟ್‌ಗೆ ಟನಲ್‌ನ ಐಪಿಸೆಕ್ ಹೆಡರ್ ಸೇರಿದರೆ ಜಾಗ ಸಾಲದು, ಎಂಎಸ್ಎಸ್ ಕ್ಲ್ಯಾಂಪ್ ಮಾಡಬೇಕು, ಅಂದರೆ ಒಂದು ಪ್ಯಾಕೆಟ್‌ನಲ್ಲಿ ಹೋಗುವ ಟಿಸಿಪಿ ಡೇಟಾದ ಮಿತಿ ಇಳಿಸಬೇಕು. ಎರಡು ಟನಲ್ ಇದ್ದು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬಂದರೆ ಪ್ರತಿ ಕನೆಕ್ಷನ್‌ನ ನೆನಪಿಟ್ಟುಕೊಳ್ಳುವ ಸ್ಟೇಟ್‌ಫುಲ್ ಫೈರ್‌ವಾಲ್ ಪ್ಯಾಕೆಟ್ಟನ್ನು ಬೀಳಿಸುತ್ತದೆ. ಆಗಲೂ ಎರಡೂ ತುದಿಯಲ್ಲಿ ಟಿಸಿಪಿಡಂಪ್ ಹಾಕಿದರೆ, ಉತ್ತರ ಎಲ್ಲಿ ತನಕ ಬಂತು ಅಂತ ಗೊತ್ತಾಗುತ್ತದೆ.

ನಮ್ಮ ಐಪಿ ಪ್ಲಾನ್ ಶೀಟ್‌ನಲ್ಲಿ ಈಗ ಡಾಕರ್ ಬ್ರಿಡ್ಜ್‌ಗೂ ಒಂದು ಸಾಲು ಇದೆ. ಹೊಸ ವಿಪಿಸಿ ಕೇಳಿದವರಿಗೆ 172.17 ಕೊಡುವುದಿಲ್ಲ.