ಸಂಜೆಯ ಬಸ್ಸಿಗೆ ಮರಳಿ ಬರುವಷ್ಟು ದೂರ

1998ರ ಬೇಸಿಗೆ ಮುಗಿಯುವ ಹೊತ್ತಿಗೆ ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯ ನಮ್ಮ ಮನೆಗೆ ಧಾರವಾಡದಿಂದ ಒಂದು ಲಕೋಟೆ ಬಂದಿತ್ತು. ಕನ್ನಡ ಎಂ.ಎ. ತರಗತಿಗೆ ನನಗೆ ಸೀಟು ಸಿಕ್ಕಿದೆ, ಇಂಥ ದಿನದೊಳಗೆ ಬಂದು ಶುಲ್ಕ ತುಂಬಬೇಕು ಎಂದು ಅದರಲ್ಲಿತ್ತು. ಅಪ್ಪ ಮಗ್ಗ ನಿಲ್ಲಿಸಿ ಬಂದು ಎರಡು ಸಲ ಓದಿಸಿ ಕೇಳಿದರು, ಕೇಳಿ ಸಂತೋಷವನ್ನೂ ಪಟ್ಟರು. ರಾತ್ರಿ ಊಟವಾದ ಮೇಲೆ ಅವ್ವನ ಮುಂದೆ, "ಅಷ್ಟ ದೂರ ಹುಡುಗೀನ ಯಾರ ಭರವಸೆ ಮ್ಯಾಲೆ ಬಿಡೂದು?" ಎಂದರು. ಅಲ್ಲಿಗೆ ಆ ಮಾತು ಮುಗಿಯಿತು. ಅವರು ಓದಿಗೆ ವಿರೋಧಿಯಾಗಿರಲಿಲ್ಲ. ಮನೆಯಲ್ಲಿ ಪದವಿ ಮುಗಿಸಿದ ಮೊದಲ ಮಗು ನಾನೆಂದು ಓಣಿಯವರಿಗೆಲ್ಲ ಪೇಢೆ ಹಂಚಿದವರು. ಆದರೆ ವಸತಿನಿಲಯದ ಖರ್ಚು, ಹೋಗಿ ಬರಲು ಒಂದಿಡೀ ದಿನ ಹಿಡಿಯುವ ದಾರಿ, ಹಬ್ಬಕ್ಕೊಮ್ಮೆ ಬರುವ ಮಗಳು, ಇವೆಲ್ಲ ವಾರದ ಮಜೂರಿಯ ಮೇಲೆ ನಡೆಯುವ ನೇಕಾರರ ಮನೆಯ ಲೆಕ್ಕದಲ್ಲಿ ಕೂಡುತ್ತಿರಲಿಲ್ಲ. ಆ ಲಕೋಟೆ ನನ್ನ ಟ್ರಂಕಿನಲ್ಲಿ ಇನ್ನೂ ಇದೆ. ನಾನು ಇಲ್ಲಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದೆ.

ಈಗ ನನ್ನ ಅಣ್ಣನ ಮಗಳು ಜಮಖಂಡಿಯಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಳೆ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತುತ್ತಾಳೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರುತ್ತಾಳೆ. ಅವಳನ್ನು ಕಳಿಸಬೇಕೋ ಬೇಡವೋ ಎಂಬ ಮಾತು ನಮ್ಮ ಮನೆಯಲ್ಲಿ ಹುಟ್ಟಲೇ ಇಲ್ಲ. ಯಾವ ಬಸ್ಸಿಗೆ ಹೋಗುವುದು, ಮಧ್ಯಾಹ್ನದ ಬುತ್ತಿಗೆ ಏನು ಎಂಬಷ್ಟೇ ಮಾತು ಬಂದದ್ದು. ಅವಳು ಓದುವ ಬಾಗಲಕೋಟೆ ವಿಶ್ವವಿದ್ಯಾಲಯ ನಮ್ಮ ಭಾಗಕ್ಕೆ ಏನು ಮಾಡಿದೆ ಎಂದು ಯಾರಾದರೂ ಕೇಳಿದಾಗ ನಾನು ಮೊದಲು ಹೇಳುವುದು ಇದನ್ನೇ. ಜನ ಇದನ್ನು ಸಣ್ಣ ಸಂಗತಿ ಎಂದುಕೊಳ್ಳುತ್ತಾರೆ. ನನಗೆ ಇದಕ್ಕಿಂತ ದೊಡ್ಡದು ಯಾವುದೂ ಕಾಣುವುದಿಲ್ಲ.

ಈ ನೆಲದ ವಿದ್ಯೆಯ ಚರಿತ್ರೆಯೆಂದರೆ ಊರು ಬಿಟ್ಟು ಹೋದವರ ಚರಿತ್ರೆ. ಹತ್ತನೆಯ ಶತಮಾನದಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ವಿದ್ಯೆಯನ್ನು ಅರಸುತ್ತ ದೂರದ ಗಂಗರ ನಾಡಿಗೆ ನಡೆದು, ಅಜಿತಸೇನಾಚಾರ್ಯರಲ್ಲಿ ಕಲಿತು, ಚಾವುಂಡರಾಯನ ಆಶ್ರಯ ಪಡೆದು ಕವಿಯಾದ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಇಲ್ಲಿಯ ಪ್ರೌಢಶಾಲೆ ಮುಗಿಸಿ ಪುಣೆಯ ಡೆಕ್ಕನ್ ಕಾಲೇಜಿಗೆ ಹೋದರು, ಮುಂದೆ ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳಾದರು. 1912ರಲ್ಲಿ ಸಾವಳಗಿಯಲ್ಲಿ ಹುಟ್ಟಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯೂ ದೇಶದ ಉಪರಾಷ್ಟ್ರಪತಿಯೂ ಆದ ಬಿ.ಡಿ. ಜತ್ತಿಯವರು ಕಾನೂನು ಓದಿದ್ದು ಕೊಲ್ಹಾಪುರದಲ್ಲಿ. ಇವರನ್ನೆಲ್ಲ ನಾವು ಅಭಿಮಾನದಿಂದ ನಮ್ಮವರೆನ್ನುತ್ತೇವೆ, ಎನ್ನಲೂ ಬೇಕು. ಆದರೆ ಹೀಗೆ ಹೊರಟು ಹೋಗಿ ಹೆಸರಾದವರ ಈ ಸಾಲಿನಲ್ಲಿ ಒಬ್ಬ ಹೆಣ್ಣುಮಗಳಿಲ್ಲ ಎಂಬುದು ನಲವತ್ತು ದಾಟಿದ ಮೇಲೆ ನನಗೆ ಹೊಳೆಯಿತು. ಹೋಗಬಲ್ಲವರು ಹೋದರು. ಹೋಗಲಾರದವರು ರನ್ನನಷ್ಟೇ ಬುದ್ಧಿವಂತರಾಗಿದ್ದರೂ ಮುಧೋಳದಲ್ಲಿಯೇ ಬಳೆ ತೊಡಿಸುತ್ತ ಉಳಿದರು. ಅವರ ಹೆಸರು ಯಾವ ಶಾಸನದಲ್ಲಿ ಸಿಗಬೇಕು?

ನಮ್ಮ ಕಾಲದಲ್ಲಿ ಈ ಭಾಗದ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ಹತ್ತಿರ ಭೂತರಾಮನಹಟ್ಟಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಅದರ ವ್ಯಾಪ್ತಿಗೆ ಬಂದವು. ಬೆಳಗಾವಿ ಜಿಲ್ಲೆಯವರಿಗೆ ಅದು ನಿಜವಾದ ವರ. ನಮಗೆ ಅದೂ ನೂರು ಕಿಲೋಮೀಟರಿನಷ್ಟು ದೂರ, ಅದೂ ರಸ್ತೆಯಲ್ಲಿ ಮಾತ್ರ. ಬಾಗಲಕೋಟೆ–ಕುಡಚಿ ರೈಲು ಮಾರ್ಗದ ಮಾತನ್ನು ನಮ್ಮ ಹಿರಿಯರು ಕೇಳುತ್ತಲೇ ಮುದುಕರಾದರು. ಜಮಖಂಡಿಯಲ್ಲಿ ಅದೇ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ತೆರೆದಾಗ ದಾರಿ ಮೊದಲ ಬಾರಿಗೆ ಮೊಟಕಾಯಿತು. 2023ರಲ್ಲಿ ಬೀದರ್, ಹಾವೇರಿ, ಕೊಪ್ಪಳ, ಹಾಸನ, ಕೊಡಗು, ಚಾಮರಾಜನಗರಗಳ ಜೊತೆಗೆ ಬಾಗಲಕೋಟೆಗೂ ಸ್ವಂತ ವಿಶ್ವವಿದ್ಯಾಲಯ ಬಂದು, ಅದರ ಕೇಂದ್ರ ಜಮಖಂಡಿಯಲ್ಲಿ ನೆಲೆಗೊಂಡಿತು. ಅದೇ ವರ್ಷ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವೂ ಶುರುವಾಯಿತು. ಎರಡು ಬೇರೆ ಬೇರೆ ಸರ್ಕಾರಗಳು ಬೇರೆ ಬೇರೆ ಕಾರಣಕ್ಕೆ ಮಾಡಿದ ಈ ಎರಡು ಕೆಲಸಗಳು ರಬಕವಿ, ತೇರದಾಳ, ಮಹಾಲಿಂಗಪುರಗಳ ಮನೆಯಂಗಳದಲ್ಲಿ ಬಂದು ಕೂಡಿಕೊಂಡವು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಮಹಿಳಾ ಸಾಕ್ಷರತೆ ಸುಮಾರು ಶೇ. 58 ಮಾತ್ರ ಇತ್ತು ಎಂಬುದನ್ನು ನೆನೆದರೆ, ಅದೇ ಜಿಲ್ಲೆಯ ಹುಡುಗಿಯರು ಬೆಳಗಿನ ಬಸ್ಸಿನಲ್ಲಿ ಹಳಗನ್ನಡದ ಪದ್ಯವನ್ನು ಗಟ್ಟಿಯಾಗಿ ಓದಿಕೊಳ್ಳುವುದನ್ನು ಕೇಳುವಾಗ ನನಗೆ ಗಂಟಲು ಕಟ್ಟುತ್ತದೆ.

ಖಾನಾವಳಿ, ಝೆರಾಕ್ಸ್ ಅಂಗಡಿ, ಬಾಡಿಗೆ ಕೋಣೆ, ಇವುಗಳಿಂದ ಊರಿಗೆ ನಾಲ್ಕು ಕಾಸು ಬರುವುದೂ ನಿಜ. ಅದನ್ನು ಹೇಳುವವರು ಬೇರೆ ಇದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ವಿಶ್ವವಿದ್ಯಾಲಯವೊಂದು ತನ್ನ ಸುತ್ತಲಿನ ಜನರ ಬದುಕನ್ನೇ ಅಧ್ಯಯನದ ವಸ್ತುವಾಗಿ ಎತ್ತಿಕೊಳ್ಳುವುದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ 2008ರಲ್ಲಿ ಸ್ಥಾಪನೆಯಾದಾಗ ಅದು ಸರ್ಕಾರದ ಇನ್ನೊಂದು ಕಟ್ಟಡವೆಂದೇ ಹಲವರು ತಿಳಿದಿದ್ದರು. ಈಗ ದಾಳಿಂಬೆಗೆ ದುಂಡಾಣು ಅಂಗಮಾರಿ ತಗುಲಿದರೆ ರೋಗದ ಕಾಯಿಯನ್ನು ಚೀಲದಲ್ಲಿ ಹಾಕಿಕೊಂಡು ನೇರವಾಗಿ ಅದರ ಆವರಣವಾದ ಉದ್ಯಾನಗಿರಿಗೆ ಹೋಗಿ ಕೇಳುವ ರೈತರು ನಮ್ಮ ನೆಂಟರಲ್ಲೇ ಇದ್ದಾರೆ. ಬೆಳೆಗೆ ಆದದ್ದು ಭಾಷೆಗೆ, ಚರಿತ್ರೆಗೆ, ಕಸುಬಿಗೆ ಏಕೆ ಆಗಬಾರದು? 1857ರಲ್ಲಿ ಆಯುಧ ಒಪ್ಪಿಸಲೊಲ್ಲೆವೆಂದು ಬ್ರಿಟಿಷರ ಎದುರು ನಿಂತ ಹಲಗಲಿಯ ಬೇಡರ ಲಾವಣಿಯನ್ನು ಮೊದಲು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿ. ನಮ್ಮ ಹಾಡನ್ನು ನಮ್ಮವರೇ ಬರೆದಿಟ್ಟುಕೊಳ್ಳಲು ಆಗ ಇಲ್ಲಿ ಅಂಥ ಸಂಸ್ಥೆಯೇ ಇರಲಿಲ್ಲ. ಊರೂರಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಶ್ರೀಕೃಷ್ಣ ಪಾರಿಜಾತದ ಬಯಲಾಟಗಳು, ಗುಳೇದಗುಡ್ಡದ ಖಣ, ಇಳಕಲ್ಲ ಸೀರೆಯ ಟೋಪ ತೆನೆಯ ಸೆರಗು, ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ಬಂದವರ ನೆನಪುಗಳು, ಇವೆಲ್ಲ ಇಲ್ಲಿಯೇ ಕುಳಿತು, ಇಲ್ಲಿಯ ಮಕ್ಕಳೇ ಕೇಳಿ ಬರೆಯಬೇಕಾದವು. ಅಣೆಕಟ್ಟಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದರೆ ಇನ್ನಷ್ಟು ಊರುಗಳು ನೀರಿಗೆ ಹೋಗುತ್ತವೆ. ಅಷ್ಟರೊಳಗೆ ಆ ಊರುಗಳ ಮಾತನ್ನು ಯಾರು ಬರೆದಿಡುತ್ತಾರೆ?

2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯೊಂದು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಂದುವರಿಸುವುದು ಬೇಡವೆಂಬ ನಿಲುವಿಗೆ ಬಂದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಪಟ್ಟಿಯಲ್ಲಿ ಬಾಗಲಕೋಟೆಯೂ ಇತ್ತು. ಹಣವಿಲ್ಲ, ಕಾಯಂ ಅಧ್ಯಾಪಕರಿಲ್ಲ, ಮೂಲಸೌಕರ್ಯವಿಲ್ಲ, ಇಂಥ ಸಂಸ್ಥೆಗಳಿಂದ ಪ್ರಯೋಜನವೇನು ಎಂಬುದು ಮುಚ್ಚಬೇಕೆನ್ನುವವರ ವಾದ. ಈ ವಾದದಲ್ಲಿ ಹೇಳಿರುವ ಕೊರತೆಗಳು ಸುಳ್ಳಲ್ಲ, ಅವನ್ನು ಮುಚ್ಚಿಟ್ಟು ಮಾತನಾಡಲು ನನಗೆ ಮನಸ್ಸಿಲ್ಲ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡು ಸ್ನಾತಕೋತ್ತರ ವಿಭಾಗಗಳನ್ನು ಬಹುಕಾಲ ನಡೆಸಲಾಗದು. ಒಳ್ಳೆಯ ಗ್ರಂಥಾಲಯವಿಲ್ಲದ ವಿಶ್ವವಿದ್ಯಾಲಯ ಬಾವಿಯಿಲ್ಲದ ಹೊಲದಂತೆ. ಇಳಕಲ್ಲ, ಹುನಗುಂದದ ಹುಡುಗಿಗೆ ಜಮಖಂಡಿ ಜಿಲ್ಲೆಯ ಮತ್ತೊಂದು ತುದಿ. ಅವಳ ಪಾಲಿನ ದೂರ ಇನ್ನೂ ಹಾಗೆಯೇ ಇದೆ, ಅವಳಿಗಾಗಿ ಆ ಕಡೆಯೂ ಒಂದು ಕೇಂದ್ರ ಬೇಕು. ಆದರೆ ಕೂಸು ಸೊರಗಿದೆಯೆಂದು ಹಾಲು ಕೊಡುವುದನ್ನೇ ನಿಲ್ಲಿಸುವ ತಾಯಿಯನ್ನು ನಾನು ಕಂಡಿಲ್ಲ. ಹಳೆಯ ವಿಶ್ವವಿದ್ಯಾಲಯದಲ್ಲಿ ವಿಲೀನವಾದರೂ ತರಗತಿಗಳು ಇಲ್ಲಿಯೇ ನಡೆಯುತ್ತವಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ದೂರದಿಂದ ನಡೆಸುವ ಕೇಂದ್ರದಲ್ಲಿ ಯಾವ ವಿಭಾಗ ಇರಬೇಕು, ಯಾವುದು ಬೇಡ ಎಂಬ ತೀರ್ಮಾನ ದೂರದಲ್ಲಿಯೇ ಆಗುತ್ತದೆ, ಮತ್ತು ಹಣ ಕಡಿಮೆಯಾದಾಗ ಮೊದಲು ಮುಚ್ಚುವುದು ತುದಿಯಲ್ಲಿರುವ ಕೋಣೆಯನ್ನೇ.

ಜಮಖಂಡಿ ತಾಲ್ಲೂಕಿನವರಿಗೆ ಹತ್ತಿರ ಎಂಬ ಮಾತಿನ ಬೆಲೆಯನ್ನು ಬೇರೆಯವರು ಕಲಿಸಬೇಕಾಗಿಲ್ಲ. ಕೃಷ್ಣೆ ಕಣ್ಣೆದುರಿಗೇ ಹರಿದರೂ ಬೇಸಿಗೆಗೆ ಹೊಲಕ್ಕೆ ನೀರಿಲ್ಲದ ಕಾಲವಿತ್ತು. ಸರ್ಕಾರಕ್ಕೆ ಕೇಳಿ ಕೇಳಿ ಸಾಕಾದ ರೈತರು ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ತಾವೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು; ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರಿಟ್ಟರು. ನಾನಾಗ ಸಣ್ಣ ಹುಡುಗಿ. ನೇಕಾರರಾದ ನಮ್ಮ ಮನೆಯಲ್ಲಿ ಹೊಲವಿರದಿದ್ದರೂ ಆ ಸುದ್ದಿ ಮಗ್ಗದ ಸದ್ದಿನ ನಡುವೆಯೂ ದಿನಾ ಕಿವಿಗೆ ಬೀಳುತ್ತಿತ್ತು. ಅಂಥ ಜನ ಒಂದು ಗ್ರಂಥಾಲಯ ಕಟ್ಟಿಕೊಡಲಾರರೇ? ನಮ್ಮ ಸಂಘದ ಸಭೆಯಲ್ಲಿ ನಾನು ಈ ಮಾತನ್ನು ಎತ್ತಿದ್ದೇನೆ. ಸಕ್ಕರೆ ಕಾರ್ಖಾನೆಗಳು, ಪತ್ತಿನ ಸಂಘಗಳು, ನೇಕಾರರ ಸಂಘಗಳು ವರ್ಷಕ್ಕೆ ಇಷ್ಟೆಂದು ಪುಸ್ತಕಕ್ಕೆ ತೆಗೆದಿಟ್ಟರೂ ಸಾಕು. ಅಧ್ಯಾಪಕರ ನೇಮಕ ಮಾತ್ರ ಸರ್ಕಾರವೇ ಹೊರಬೇಕಾದ ಹೊಣೆ, ಅದನ್ನು ಯಾವ ದಾನಿಯ ಹೆಗಲಿಗೂ ದಾಟಿಸಬಾರದು.

ಅಣ್ಣನ ಮಗಳು ಈ ವರ್ಷದ ತನ್ನ ಕಿರು ಪ್ರಬಂಧಕ್ಕೆ ಬನಹಟ್ಟಿಯ ನೇಕಾರರ ಪದಗಳನ್ನು ಆರಿಸಿಕೊಂಡಿದ್ದಾಳೆ. ವಿದ್ಯುತ್ ಮಗ್ಗ ಬಂದ ಮೇಲೆ ಕುಣಿಮಗ್ಗದ ಕಾಲದ ಎಷ್ಟೋ ಮಾತುಗಳು ಬಳಕೆ ತಪ್ಪಿವೆ. ಎಂಬತ್ತರ ಸಮೀಪದಲ್ಲಿರುವ ಅವ್ವನೇ ಅವಳಿಗೆ ಮೊದಲ ವಕ್ತೃ. ಸಂಜೆ ಬಸ್ಸಿನಿಂದ ಇಳಿದು ಬಂದು, ಕೈಕಾಲು ತೊಳೆದು, ಅಜ್ಜಿಯ ಹಾಸಿಗೆಯ ಪಕ್ಕ ವಹಿ ಹಿಡಿದು ಕೂರುತ್ತಾಳೆ. ಹಾಸು, ಹೊಕ್ಕು, ಲಾಳಿ, ಕಂಡಿಕೆ, ರಾಟಿ ಎಂದು ಶುರುವಾದದ್ದು ಈಗ ನಾನೇ ಕೇಳಿರದ ಮಾತುಗಳವರೆಗೆ ಹೋಗಿದೆ. ಎಂದೂ ಶಾಲೆಯ ಮೆಟ್ಟಿಲು ಹತ್ತದ ಅವ್ವ ನಡುವೆ ನಿಲ್ಲಿಸಿ, "ನಾ ಹೇಳಿದ್ದು ಸರಿಯಾಗಿ ಬರದಿ ಇಲ್ಲೋ, ಓದಿ ತೋರಿಸು" ಎನ್ನುತ್ತಾಳೆ. ಅವಳು ಓದುತ್ತಾಳೆ. ಅಪ್ಪ ತೀರಿಕೊಂಡು ಆರು ವರ್ಷವಾಯಿತು. ನಾನು ಅವರು ಕೂರುತ್ತಿದ್ದ ಕಟ್ಟೆಯ ಮೇಲೆ ಕುಳಿತು ಕೇಳುತ್ತೇನೆ.