ಟೆಸ್ಟಿಂಗ್ ಕಾಲಂನಲ್ಲಿ ಮೂರೇ ಕಾರ್ಡ್

ಸ್ಪ್ರಿಂಟ್ ಅನ್ನುವ ಎರಡು ವಾರದ ಕೆಲಸದ ಸುತ್ತು, ದಿನಾ ಬೆಳಿಗ್ಗೆ ತಂಡವೆಲ್ಲ ಸೇರುವ 15 ನಿಮಿಷದ ಸ್ಟ್ಯಾಂಡ್‌ಅಪ್, ಕೆಲಸದ ಗಾತ್ರ ಅಂದಾಜು ಮಾಡುವ ಸ್ಟೋರಿ ಪಾಯಿಂಟ್, ಒಂದೊಂದು ಕೆಲಸಕ್ಕೂ ಒಂದು ಕಾರ್ಡ್, ಒಂದೊಂದು ಹಂತಕ್ಕೂ ಒಂದು ಕಾಲಂ ಇರುವ ಜಿರಾ ಬೋರ್ಡ್. ಬೆಂಗಳೂರಿನ ನಮ್ಮ ತಂಡದಲ್ಲಿ ಅಜೈಲ್ (ಸಾಫ್ಟ್‌ವೇರನ್ನು ಸಣ್ಣ ಸಣ್ಣ ಕಂತಿನಲ್ಲಿ ಮಾಡಿ ಕೊಡುವ ಪದ್ಧತಿ) ಅಂತ ಹೇಳಿಕೊಳ್ಳಲು ಬೇಕಾದದ್ದೆಲ್ಲ ಇತ್ತು. ಸ್ಪ್ರಿಂಟ್ ಕೊನೆಗೆ ಬಳಕೆದಾರರ ಕೈಗೆ ಕೊಡುವಂಥದ್ದು ಮಾತ್ರ ಏನೂ ಇರುತ್ತಿರಲಿಲ್ಲ. ಕೋಡ್ ಬರೆಯುವವರು ಆರು ಮಂದಿ, ಟೆಸ್ಟಿಂಗ್‌ಗೆ ಒಬ್ಬರೇ. ನಾವು ಬರೆದದ್ದೆಲ್ಲ ಅವರ ಕಾಲಂನಲ್ಲಿ ರಾಶಿ ಬೀಳುತ್ತಿತ್ತು.

ಸ್ಪ್ರಿಂಟ್ ಹೇಗೆ ನಡೆಯಿತು ಅಂತ ಕೊನೆಗೆ ಕೂತು ಮಾತಾಡುವ ಒಂದು ರೆಟ್ರೋದಲ್ಲಿ ಆ ಟೆಸ್ಟರ್ ಬೋರ್ಡ್ ಕಡೆ ಕೈ ತೋರಿಸಿದರು. ಮಂಗಳೂರಿನವರು, ಮೀಟಿಂಗಿನಲ್ಲಿ ಹೆಚ್ಚು ಮಾತಾಡುವವರಲ್ಲ. "ಮುಗೀತು ಮುಗೀತು ಅಂತ ದಿನಾ ಹೇಳ್ತೀರಿ ಮಾರ್ರೆ. ಮುಗಿದದ್ದು ಒಂದಾದ್ರೂ ತೋರಿಸಿ ನೋಡುವ."

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರಲ್ಲ, ಅದರ ಜೊತೆಗಿರುವ 12 ತತ್ವಗಳಲ್ಲೊಂದು ಕೇಳುವುದೂ ಇದನ್ನೇ: ಕೆಲಸ ಎಷ್ಟು ಸಾಗಿದೆ ಅನ್ನುವುದಕ್ಕೆ ಮುಖ್ಯ ಅಳತೆ, ಓಡುವ ಸಾಫ್ಟ್‌ವೇರ್. ಪಾಯಿಂಟಿನ ಹೆಸರೇ ಅಲ್ಲಿಲ್ಲ.

ಅವತ್ತೇ ತೀರ್ಮಾನವಾಯಿತು. ಟೆಸ್ಟಿಂಗ್ ಕಾಲಂನಲ್ಲಿ ಮೂರಕ್ಕಿಂತ ಹೆಚ್ಚು ಕಾರ್ಡ್ ಇರಕೂಡದು. ತುಂಬಿದ್ದರೆ ಕೋಡ್ ಬರೆಯುವವರು ಹೊಸ ಕೆಲಸ ಎತ್ತಿಕೊಳ್ಳದೆ ಟೆಸ್ಟಿಂಗ್‌ಗೆ ಕೂರಬೇಕು. ಟೊಯೋಟಾ ಕಾರ್ಖಾನೆಯಿಂದ ಸಾಫ್ಟ್‌ವೇರಿಗೆ ಬಂದ ಕಾನ್‌ಬಾನ್ ಪದ್ಧತಿಯ ಜೀವಾಳವೇ ಇಂಥ ಮಿತಿ.

ಮುಂದಿನ ಸ್ಪ್ರಿಂಟಿನ ಬುಧವಾರ ಮಧ್ಯಾಹ್ನದ ಹೊತ್ತಿಗೇ ಕಾಲಂ ತುಂಬಿತು. ಸರ್ವರ್ ಕಡೆಯ ಕೋಡ್ ನೋಡಿಕೊಳ್ಳುವ ನಮ್ಮ ಹಿರಿಯ ಸಹೋದ್ಯೋಗಿ ಬಿಲ್ ಪಾವತಿಯ ಕಾರ್ಡ್ ತೆಗೆದುಕೊಂಡರು. ಟೆಸ್ಟರ್ ಅವರ ಕೈಗೊಂದು ಹಳೇ ಆಂಡ್ರಾಯ್ಡ್ ಫೋನ್ ಕೊಟ್ಟು, "ನೆಟ್ ನಿಧಾನ ಮಾಡಿ ನೋಡಿ ಸರ್" ಅಂದರು. ಇವರು ಪಾವತಿ ಬಟನ್ ಒತ್ತಿದರು. ಚಕ್ರ ಸುತ್ತುತ್ತಲೇ ಇತ್ತು. ಯಾರಾದರೂ ಮಾಡುವಂತೆ ಇನ್ನೊಮ್ಮೆ ಒತ್ತಿದರು. ಡೇಟಾಬೇಸ್‌ನಲ್ಲಿ ಒಂದೇ ಬಿಲ್ಲಿಗೆ ಎರಡು ಪಾವತಿ ದಾಖಲಾಗಿತ್ತು!

ಆ ಸ್ಕ್ರೀನ್ ಬರೆದ ಹುಡುಗನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಒಮ್ಮೆ ಒತ್ತಿದ ಮೇಲೆ ಬಟನ್ ಕೆಲಸ ಮಾಡದಂತೆ ಅವನು ತಿದ್ದಿದ. ಒಂದೇ ಗುರುತಿನ ಕೋರಿಕೆ ಮತ್ತೆ ಬಂದರೆ ಎರಡನೇ ದಾಖಲೆ ಆಗದಂತೆ ಸರ್ವರಿನಲ್ಲಿ ಇವರು ತಡೆ ಹಾಕಿದರು. ಸಂಜೆಯೊಳಗೆ ಕಾರ್ಡ್ ಮುಗಿಯಿತು. ಮೊದಲಾಗಿದ್ದರೆ ಇದು ಬಗ್ ಟಿಕೆಟ್ ಆಗಿ, "ನನ್ನ ಮೆಷೀನ್‌ನಲ್ಲಿ ಬರ್ತಿಲ್ಲ" ಅನ್ನುವ ಕಾಮೆಂಟ್ ಹೊತ್ತು ಅತ್ತಿಂದಿತ್ತ ಓಡಾಡುತ್ತಿತ್ತು.

ಗುರುವಾರದ ಸ್ಟ್ಯಾಂಡ್‌ಅಪ್‌ನಲ್ಲಿ ಯಾರೂ ಮ್ಯಾನೇಜರ್ ಮುಖ ನೋಡಿಕೊಂಡು ವರದಿ ಒಪ್ಪಿಸಲಿಲ್ಲ. ಯಾವ ಕಾರ್ಡ್ ಮೊದಲು ದಾಟಿಸೋಣ, ಯಾರು ಯಾರ ಜೊತೆ ಕೂರೋಣ ಅಂತಲೇ ಮಾತು. ಅಜೈಲ್‌ನ ಒಂದು ಚೌಕಟ್ಟಾದ ಸ್ಕ್ರಮ್ ಹೇಳುವ ದಿನದ ಭೇಟಿ ಇರಬೇಕಾದದ್ದೇ ಹೀಗೆ ಅಂತ ನನಗನ್ನಿಸುತ್ತದೆ.

ಆ ಸ್ಪ್ರಿಂಟಿನಲ್ಲಿ ಪಾಯಿಂಟ್ ಇಳಿಯಿತು. ಮ್ಯಾನೇಜರ್ ಕಾರಣ ಕೇಳಿದರು. ಯಾವ ಕೆಲಸ ಮೊದಲು ಆಗಬೇಕು ಅಂತ ನಿರ್ಧರಿಸುವ ಪ್ರಾಡಕ್ಟ್ ಓನರ್, ಬಿಲ್ ಪಾವತಿ ಬಳಕೆದಾರರ ಫೋನಿನಲ್ಲಿ ಓಡುತ್ತಿರುವುದನ್ನು ತೋರಿಸಿದರು. ಈಗ ಮಿತಿಯನ್ನು ಎರಡಕ್ಕೆ ಇಳಿಸೋಣ ಅಂತ ಟೆಸ್ಟರ್ ಕೇಳಿದ್ದಾರೆ. ತಂಡದಲ್ಲಿ ಇನ್ನೂ ಒಮ್ಮತ ಬಂದಿಲ್ಲ. ನಾನಂತೂ ಅವರ ಪರ.