ಕಡಲಬದಿಯಿಂದ ಬಂದ ಯೆಜ್ಡಿ: ಫೆಬ್ರವರಿಯಿಂದ ಅಕ್ಟೋಬರ್‌ವರೆಗಿನ ಕೆಲಸದ ದಾಖಲೆ

ಫೆಬ್ರವರಿ

ಕೊನೆಕೊಯ್ಲು ಮುಗಿದು ಅಡಿಕೆ ಒಣಗಿಸುವ ಕೆಲಸವೂ ಒಂದು ಹದಕ್ಕೆ ಬಂದ ಮೇಲೆ, ಕುಮಟಾ ತಾಲೂಕಿನ ಕಡಲಬದಿಯ ಊರೊಂದರಲ್ಲಿ ನಿಂತಿದ್ದ 1984ರ ಯೆಜ್ಡಿ ರೋಡ್‌ಕಿಂಗ್ ಮೋಟಾರ್ ಸೈಕಲನ್ನು 18,000 ರೂಪಾಯಿಗೆ ಕೊಂಡು, ಪಿಕಪ್‌ನಲ್ಲಿ ದೇವಿಮನೆ ಘಟ್ಟ ಹತ್ತಿಸಿ ಶಿರಸಿ ಸಮೀಪದ ನಮ್ಮ ಮನೆಗೆ ತಂದೆ. ಮಾರಿದವರು ನಿವೃತ್ತ ಮಾಸ್ತರರು. ಗಾಡಿಯ ಮೂಲ ಕಾಗದಪತ್ರಗಳೆಲ್ಲ ಅವರ ಹೆಸರಿನಲ್ಲಿಯೇ ಇದ್ದವು, ಕೆಎ ಸರಣಿ ಬರುವುದಕ್ಕೆ ಹಿಂದಿನ ಮೂರಕ್ಷರದ ನೋಂದಣಿ ಸಂಖ್ಯೆ ಫಲಕದ ಮೇಲೆ ಇನ್ನೂ ಓದುವಂತಿತ್ತು. ಕಾಗದವಿಲ್ಲದ ಗಾಡಿಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದೆಂಬ ನಿರ್ಧಾರ ನನ್ನದು ಮೊದಲಿನಿಂದಲೂ ಇತ್ತು.

ಯೆಜ್ಡಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕ್ ದೇಶದ ಜಾವಾ ಗಾಡಿಗಳನ್ನು ಇಲ್ಲಿ ತಯಾರಿಸತೊಡಗಿ, ಆಮೇಲೆ ಯೆಜ್ಡಿ ಎಂಬ ತನ್ನದೇ ಹೆಸರಿನಲ್ಲಿ ಮುಂದುವರಿದು, 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮ ರಾಜ್ಯದಲ್ಲಿ ಹುಟ್ಟಿದ ಗಾಡಿ ಎಂಬ ಪ್ರೀತಿ ಒಂದು ಕಡೆಯಾದರೆ, ಒಂದೇ ಸಿಲಿಂಡರಿನ, ವಾಲ್ವುಗಳಿಲ್ಲದ ಈ ಟೂ ಸ್ಟ್ರೋಕ್ ಇಂಜಿನನ್ನು ಮನೆಯಲ್ಲಿ ಕೂತು ಪೂರ್ತಿ ಬಿಚ್ಚಿ ಜೋಡಿಸಬಹುದು ಎಂಬ ಧೈರ್ಯ ಇನ್ನೊಂದು ಕಡೆ.

ಗಾಡಿ ಸುಮಾರು ಹದಿನೈದು ವರ್ಷ ಸೋಗೆಯ ಮಾಡಿನ ಕೆಳಗೆ ತಾಡಪತ್ರಿ ಹೊದ್ದು ನಿಂತಿತ್ತು. ಕಡಲಗಾಳಿ ಬಡಿಯುತ್ತಿದ್ದುದು ಪಡುವಣ ದಿಕ್ಕಿಗಿದ್ದ ಬಲಮಗ್ಗುಲಿಗೆ. ಆ ಬದಿಯ ಸೈಲೆನ್ಸರ್ ಬೆರಳಿನಿಂದ ಒತ್ತಿದರೆ ಪುಡಿಯಾಗಿ ಉದುರುತ್ತಿತ್ತು, ಎಡಬದಿಯದು ಇನ್ನೂ ಗಟ್ಟಿಯಾಗಿತ್ತು. ತಾಡಪತ್ರಿಯಿಂದ ರಕ್ಷಣೆ ಸಿಕ್ಕಿದ್ದಕ್ಕಿಂತ ಕೆಡುಕಾದದ್ದೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅದು ಮಳೆಯನ್ನು ತಡೆಯಿತು ನಿಜ, ಆದರೆ ಉಪ್ಪಿನ ತೇವವನ್ನು ಒಳಗೇ ಹಿಡಿದಿಟ್ಟಿತು. ಇದಕ್ಕೆ ಅಪವಾದವೆಂದರೆ ಚೈನು. ಈ ಗಾಡಿಗಳಲ್ಲಿ ಚೈನು ಪೂರ್ತಿಯಾಗಿ ತಗಡಿನ ಕವಚದೊಳಗೆ ಇರುವುದರಿಂದ ಮಾಸ್ತರರು ಹಚ್ಚಿದ್ದ ಗ್ರೀಸ್ ಕೂಡ ಅದರ ಮೇಲೆ ಹಾಗೆಯೇ ಉಳಿದಿತ್ತು.

ಟೂಲ್ ಬಾಕ್ಸಿನಲ್ಲಿ ಸ್ಪಾನರುಗಳ ಜೊತೆ ಒಂದು ಚಿಕ್ಕ ನೋಟುಪುಸ್ತಕ ಸಿಕ್ಕಿತು. ಹಾಕಿಸಿದ ಪೆಟ್ರೋಲ್, ಓಡಿದ ಕಿಲೋಮೀಟರ್, ಮಾಡಿಸಿದ ಕೆಲಸ, ಎಲ್ಲವನ್ನೂ ಮಾಸ್ತರರು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ಆ ಹೊತ್ತಿಗೆ ಅದನ್ನು ಓದುವ ವ್ಯವಧಾನ ನನಗಿರಲಿಲ್ಲ. ಓದಿದ್ದರೆ ಇಂಜಿನಿನ ವಿಷಯ ಮೊದಲ ದಿನವೇ ತಿಳಿಯುತ್ತಿತ್ತು.

ಮಾರ್ಚ್

ಬಿಚ್ಚುವ ಕೆಲಸಕ್ಕೆ ಮೂರು ಭಾನುವಾರ ಹಿಡಿಯಿತು. ಪ್ರತಿಯೊಂದು ಭಾಗದ ನಟ್ಟು, ಬೋಲ್ಟು, ವಾಷರುಗಳನ್ನು ಬೇರೆಬೇರೆ ಅಡಿಕೆ ಹಾಳೆಯಲ್ಲಿ ಹಾಕಿ, ಹಾಳೆಯ ಅಂಚಿನ ಮೇಲೆ ಬಾಲ್‌ಪೆನ್ನಿನಿಂದ ಹೆಸರು ಬರೆದು, ಕೊಟ್ಟಿಗೆಯ ಅಟ್ಟದ ಮೇಲೆ ಸಾಲಾಗಿ ಇಟ್ಟೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು, ವೈರಿಂಗ್ ವಿಷಯದಲ್ಲಂತೂ ಅದಿಲ್ಲದೆ ದಾರಿಯೇ ಇರಲಿಲ್ಲ.

ತುಕ್ಕು ಹಿಡಿದ ಚಿಕ್ಕ ಸಾಮಾನುಗಳ ಮೇಲೆ ಒಂದು ಪ್ರಯೋಗ ಮಾಡಿದೆ. ನಮ್ಮ ಕಡೆ ಅಡುಗೆಯ ಹುಳಿಗೆಂದು ಒಣಗಿಸಿಟ್ಟ ಉಪ್ಪಾಗೆ ಹಣ್ಣಿನ ಸಿಪ್ಪೆಗೆ ಕೊರತೆಯಿಲ್ಲ. ಅರ್ಧದಷ್ಟು ಬೋಲ್ಟುಗಳನ್ನು ಅದರ ಕಷಾಯದಲ್ಲಿಯೂ, ಉಳಿದರ್ಧವನ್ನು ಅಂಗಡಿಯಿಂದ ತಂದ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಿನಲ್ಲಿಯೂ ಒಂದು ರಾತ್ರಿ ನೆನೆಸಿದೆ. ಉಪ್ಪಾಗೆಯ ಹುಳಿಯೂ ತುಕ್ಕನ್ನು ಬಿಡಿಸಿತು, ಆದರೆ ಲೋಹದ ಮೇಲೆ ತೆಗೆಯಲು ಕಷ್ಟವಾದ ಕಪ್ಪು ಪೊರೆಯೊಂದನ್ನು ಉಳಿಸಿತು. ನಿಂಬೆ ಉಪ್ಪಿನಿಂದ ಬಂದ ಬೋಲ್ಟುಗಳು ತೆಂಗಿನ ನಾರಿನಿಂದ ಉಜ್ಜಿದ ಕೂಡಲೇ ಬೂದುಬಣ್ಣಕ್ಕೆ ತಿರುಗಿದವು. ಮುಂದಿನ ಕೆಲಸವನ್ನೆಲ್ಲ ನಿಂಬೆ ಉಪ್ಪಿನಿಂದಲೇ ಮಾಡಿದೆ.

ಪೆಟ್ರೋಲ್ ಟ್ಯಾಂಕಿನ ಒಳಗಿನ ತುಕ್ಕಿಗೆ ಇದು ಸಾಲಲಿಲ್ಲ. ಅದಕ್ಕೆ ವಿದ್ಯುತ್ತಿನ ವಿಧಾನವನ್ನು ಅನುಸರಿಸಿದೆ. ಟ್ಯಾಂಕಿನ ತುಂಬ ಬಾವಿನೀರು ತುಂಬಿ, ಲೀಟರಿಗೆ ಒಂದು ಚಮಚದ ಲೆಕ್ಕದಲ್ಲಿ ವಾಷಿಂಗ್ ಸೋಡಾ ಕರಗಿಸಿ, ಬ್ಯಾಟರಿ ಚಾರ್ಜರಿನ ಮೈನಸ್ ತಂತಿಯನ್ನು ಟ್ಯಾಂಕಿನ ಮೈಗೂ, ಪ್ಲಸ್ ತಂತಿಯನ್ನು ಮುಚ್ಚಳದ ಬಾಯಿಯಿಂದ ಒಳಗೆ ಇಳಿಬಿಟ್ಟ ಕಬ್ಬಿಣದ ಸಲಾಕೆಗೂ ಜೋಡಿಸಿದೆ. ಸಲಾಕೆ ಟ್ಯಾಂಕಿಗೆ ಎಲ್ಲಿಯೂ ತಾಗದಂತೆ ಹಲಸಿನ ಮರದ ತುಂಡಿನಿಂದ ಮಾಡಿದ ಬಿರಡೆಯಲ್ಲಿ ಸಿಕ್ಕಿಸಿದೆ. ಹೀಗೆ ಮಾಡುವವರು ಎರಡು ವಿಷಯಗಳನ್ನು ಮರೆಯಬಾರದು. ಸಲಾಕೆ ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೆ ನೀರಿಗೆ ವಿಷಕಾರಿಯಾದ ಕ್ರೋಮಿಯಂ ಸೇರುತ್ತದೆ. ಅಲ್ಲದೆ ಈ ಕ್ರಿಯೆಯಲ್ಲಿ ಹೈಡ್ರೋಜನ್ ಹೊರಬರುವುದರಿಂದ ಕೆಲಸವನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಬೇಕು. ಕರೆಂಟು ಹೋಗಿ ಬಂದು ಮಾಡುತ್ತಿದ್ದುದರಿಂದ ನನಗೆ ಮೂರು ದಿನ ಹಿಡಿಯಿತು. ಕೊನೆಗೆ ಕೆಂಪು ಕೆಸರಿನಂಥ ನೀರನ್ನು ಚೆಲ್ಲಿ, ತೊಳೆದು, ಟಾರ್ಚ್ ಬಿಟ್ಟು ನೋಡಿದಾಗ ತಳದ ಬೆಸುಗೆಯ ಗೆರೆ ಸ್ಪಷ್ಟವಾಗಿ ಕಂಡಿತು. ಆ ಗೆರೆಯ ಪಕ್ಕದಲ್ಲಿಯೇ ಸೂಜಿಮೊನೆಯಷ್ಟು ದೊಡ್ಡ ಎರಡು ತೂತುಗಳೂ ಕಂಡವು. ತುಕ್ಕೇ ಅಲ್ಲಿಯವರೆಗೆ ಅವುಗಳನ್ನು ಮುಚ್ಚಿಕೊಂಡಿತ್ತು. ಹಿತ್ತಾಳೆಯ ಬೆಸುಗೆ ಹಾಕಿಸಿ, ಟ್ಯಾಂಕು ಒಣಗಿದ ಕೂಡಲೇ ಒಳಗೆ ಟೂ ಸ್ಟ್ರೋಕ್ ಎಣ್ಣೆ ಸುರಿದು ಎಲ್ಲ ಮೂಲೆಗೂ ಸವರುವಂತೆ ಅಲ್ಲಾಡಿಸಿಟ್ಟೆ. ಹಾಗೆ ಮಾಡದಿದ್ದರೆ ಬೋಳಾದ ಕಬ್ಬಿಣ ಕಣ್ಣೆದುರಿಗೇ ಮತ್ತೆ ಕೆಂಪಾಗುತ್ತದೆ.

ಏಪ್ರಿಲ್

ಇಂಜಿನಿನ ಕೆಲಸದ ಬಗ್ಗೆ ಹೆಚ್ಚು ಬರೆಯಬೇಕೆನಿಸುತ್ತದೆ, ಏಕೆಂದರೆ ಈ ಗಾಡಿ ಮೂಲೆಗೆ ಬಿದ್ದದ್ದೇ ಅದರಿಂದ.

ಮಾಸ್ತರರ ನೋಟುಪುಸ್ತಕವನ್ನು ಒಂದು ಸಂಜೆ ಕೂತು ಓದಿದೆ. ಮೊದಲ ಪುಟಗಳಲ್ಲಿ ಗೇರ್ ಆಯಿಲ್ ಎಂಬ ಮಾತು ವರ್ಷಕ್ಕೊಮ್ಮೆ ಬರುತ್ತದೆ. ಕೊನೆಯ ಪುಟಗಳಿಗೆ ಬರುವ ಹೊತ್ತಿಗೆ ತಿಂಗಳಿಗೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ. ಒಂದು ಕಡೆ ‘ಹೊಗೆ ಬಹಳ, ಕಾರ್ಬ್ಯುರೇಟರ್ ರಿಪೇರಿ’ ಎಂದಿದೆ, ಮುಂದಿನ ಪುಟದಲ್ಲಿ ಮತ್ತೆ ಅದೇ. ಗೇರ್‌ಬಾಕ್ಸಿನಿಂದ ಎಣ್ಣೆ ಕೆಳಗೆ ಸೋರಿದ ಗುರುತು ಎಲ್ಲಿಯೂ ಇರಲಿಲ್ಲ. ಹಾಗಾದರೆ ಅದು ಹೋದದ್ದೆಲ್ಲಿಗೆ?

ಟೂ ಸ್ಟ್ರೋಕ್ ಇಂಜಿನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಬರುವುದು ಪಿಸ್ಟನ್ನಿನ ಕೆಳಗಿರುವ ಕ್ರ್ಯಾಂಕ್ ಕೋಣೆಗೆ. ಪಿಸ್ಟನ್ ಮೇಲೇರುವಾಗ ಆ ಕೋಣೆ ಮಿಶ್ರಣವನ್ನು ಒಳಗೆ ಎಳೆದುಕೊಳ್ಳುತ್ತದೆ, ಕೆಳಗಿಳಿಯುವಾಗ ಒತ್ತಿ ಸಿಲಿಂಡರಿಗೆ ಕಳಿಸುತ್ತದೆ. ಆದ್ದರಿಂದ ಕೋಣೆ ಗಾಳಿಯಾಡದಂತೆ ಬಿಗಿಯಾಗಿರಬೇಕು, ಪಿಸ್ಟನ್ನಿನ ಏರಿಳಿತದಿಂದ ತಿರುಗುವ ದಂಡವಾದ ಕ್ರ್ಯಾಂಕಿನ ಎರಡೂ ತುದಿ ಹೊರಬರುವಲ್ಲಿ ರಬ್ಬರಿನ ಆಯಿಲ್ ಸೀಲುಗಳಿರುವುದು ಅದಕ್ಕಾಗಿಯೇ. ಯೆಜ್ಡಿಯಲ್ಲಿ ಬಲಬದಿಯ ಸೀಲಿನ ಆಚೆ ಇರುವುದು ಡೈನಮೊ. ಆ ಸೀಲು ಹೋದರೆ ಇಂಜಿನ್ ಅಲ್ಲಿಂದ ಬರಿಯ ಗಾಳಿಯನ್ನು ಎಳೆದುಕೊಂಡು ಕಾವೇರುತ್ತದೆ, ಆಕ್ಸಲರೇಟರ್ ಬಿಟ್ಟರೂ ಓಟ ಇಳಿಯುವುದಿಲ್ಲ. ಎಡಬದಿಯ ಸೀಲಿನ ಆಚೆ ಇರುವುದು ಗೇರ್ ಎಣ್ಣೆಯಲ್ಲಿಯೇ ತೊಯ್ದ ಕ್ಲಚ್ಚು ಮತ್ತು ಅದಕ್ಕೆ ಇಂಜಿನಿನ ಬಲ ಸಾಗಿಸುವ ಪ್ರೈಮರಿ ಚೈನು. ಆ ಸೀಲು ಹೋದರೆ ಇಂಜಿನ್ ತನ್ನ ಗೇರ್ ಎಣ್ಣೆಯನ್ನು ತಾನೇ ಹೀರಿ ಸುಟ್ಟು ಹೊಗೆ ಮಾಡುತ್ತದೆ. ಮಾಸ್ತರರು ತಿಂಗಳುಗಟ್ಟಲೆ ತುಂಬಿದ ಎಣ್ಣೆಯೆಲ್ಲ ಸೈಲೆನ್ಸರಿನಿಂದ ಹೊರಗೆ ಹೋಗಿತ್ತು.

ಶಿರಸಿಯಲ್ಲಿ ನಾನು ಕೆಲಸ ಕಲಿಯುತ್ತಿರುವ ಹಿರಿಯ ಮೇಸ್ತ್ರಿಗಳಿಗೆ ಪುಸ್ತಕ ತೋರಿಸಿದಾಗ ಅವರು ಪುಟ ತಿರುವಿ, ‘ಸೀಲು ಹೋಗಿದ್ದಕ್ಕೆ ಕಾರ್ಬ್ಯುರೇಟರ್ ಬಿಚ್ಚಿ ಎಂತ ಮಾಡುವುದು ಮಾರಾಯಾ, ಪಾಪ, ಅವರಿಗೆ ಯಾರೂ ಹೇಳಲಿಲ್ಲ’ ಎಂದರು. ನಾಲ್ಕು ನೂರು ರೂಪಾಯಿಯೊಳಗಿನ ಸಾಮಾನಿಗಾಗಿ ಒಳ್ಳೆಯ ಗಾಡಿಯೊಂದು ಹದಿನೈದು ವರ್ಷ ನಿಂತುಬಿಟ್ಟಿತು ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಬೇರಿಂಗುಗಳೂ ಕಿರಕಿರ ಎನ್ನುತ್ತಿದ್ದುದರಿಂದ ಇಂಜಿನನ್ನು ಎರಡು ಹೋಳಾಗಿ ಬಿಡಿಸಲೇಬೇಕಾಯಿತು. ಅಲ್ಯೂಮಿನಿಯಂ ಕೇಸಿನಿಂದ ಬೇರಿಂಗನ್ನು ಬಡಿದು ತೆಗೆಯುವುದು ತಪ್ಪು. ಕಾಯಿಸಿದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ಬೇರಿಂಗ್ ತಾನಾಗಿಯೇ ಸಡಿಲವಾಗುತ್ತದೆ. ನಮ್ಮಲ್ಲಿ ಓವನ್ ಇಲ್ಲ, ಬಚ್ಚಲ ಒಲೆ ಇದೆ. ನೇರ ಉರಿ ತಾಗಿದರೆ ಕೇಸು ಸೊಟ್ಟಗಾಗುವ ಭಯವಿದ್ದುದರಿಂದ, ದೊಡ್ಡ ಬಾಣಲೆಯಲ್ಲಿ ಹೊಳೆಮರಳು ತುಂಬಿ ಒಲೆಯ ಮೇಲಿಟ್ಟು, ಮರಳು ಸಮನಾಗಿ ಕಾದ ಮೇಲೆ ಹಳೆಯ ಸೀಲುಗಳನ್ನು ತೆಗೆದ ಕೇಸನ್ನು ಅದರ ಮೇಲೆ ಮಲಗಿಸಿದೆ. ಮೇಲೆ ಚಿಮುಕಿಸಿದ ನೀರಹನಿ ಚುಂಯ್ ಎಂದು ಸಿಡಿದು ಆರಿಹೋಗುವಷ್ಟು ಕಾದಾಗ ಕೇಸನ್ನು ಮಗುಚಿ ಹಲಗೆಗೆ ಒಮ್ಮೆ ಮೆಲ್ಲನೆ ಕುಟ್ಟಿದೆ. ಬೇರಿಂಗ್ ಠಣ್ ಎಂದು ಕೆಳಗೆ ಬಿತ್ತು. ಹೊಸದನ್ನು ಕೂರಿಸುವಾಗ ಅದೇ ಕ್ರಮ, ಜೊತೆಗೆ ಬೇರಿಂಗನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಬೆರಳಿನಿಂದ ಒತ್ತಿದ್ದಕ್ಕೇ ಅದು ತಳದವರೆಗೆ ಇಳಿಯಿತು.

ಪಿಸ್ಟನ್ನಿನ ತಲೆಯ ಮೇಲಿನ ಮಸಿ ಒರೆಸಿದಾಗ 65.50 ಎಂಬ ಅಂಕಿ ಕಂಡಿತು. ಮೂಲ ಅಳತೆ 65 ಮಿಲಿಮೀಟರ್, ಎಂದರೆ ಸಿಲಿಂಡರನ್ನು ಹಿಂದೆಯೇ ಅರ್ಧ ಮಿಲಿಮೀಟರ್ ಕೊರೆಸಿದ್ದಾರೆ. ಪಿಸ್ಟನ್ನಿನ ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ಸಂದು ಅಳೆಯುವ ಫೀಲರ್ ಗೇಜಿನಿಂದ ಅದರ ಬಾಯಿ ಅಳೆದರೆ ಒಂದು ಮಿಲಿಮೀಟರಿಗೂ ಹೆಚ್ಚಿತ್ತು, ಎಂದರೆ ಸವೆತ ಮಿತಿಮೀರಿತ್ತು. ಹುಬ್ಬಳ್ಳಿಗೆ ಹೋಗಿ ಬೋರ್ ಮಾಡಿಸಿ, 65.75ರ ಪಿಸ್ಟನ್ ಹಾಕಿಸಿದೆ. ಮೊದಲು ಕೊಂಡ ಸೀಲುಗಳ ರಬ್ಬರು ಉಗುರಿನಿಂದ ಒತ್ತಿದರೆ ತಗ್ಗಾಗಿ ಹಾಗೇ ಉಳಿಯುತ್ತಿದ್ದುದರಿಂದ ಅವನ್ನು ಬಿಸಾಡಿ, ಮೈಸೂರಿನಿಂದ ಬೇರೆ ತರಿಸಿದೆ.

ಜೂನ್

ಬಣ್ಣದ ವಿಷಯದಲ್ಲಿ ಆತುರಪಟ್ಟು ಕೆಟ್ಟೆ. ಮೇ ತಿಂಗಳಲ್ಲಿಯೇ ಮುಗಿಸಬೇಕಿದ್ದ ಕೆಲಸ ಮದುವೆ, ಉಪನಯನಗಳ ಓಡಾಟದಲ್ಲಿ ಹಿಂದೆ ಬಿತ್ತು. ಮಳೆ ಹಿಡಿದ ಮೇಲೆ, ಕೊಟ್ಟಿಗೆಯ ಒಳಗೇ ಮಾಡುವುದಲ್ಲವೇ ಎಂದು ಮಡ್‌ಗಾರ್ಡುಗಳಿಗೆ ಥಿನ್ನರ್ ಬೆರೆಸುವ ನೈಟ್ರೋಸೆಲ್ಯುಲೋಸ್ ಅಥವಾ ಎನ್‌ಸಿ ಬಣ್ಣ ಹೊಡೆದೆ. ಹೊಳೆಯುವ ಕಪ್ಪು ಬರಬೇಕಾದಲ್ಲಿ ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿತು. ಥಿನ್ನರ್ ಬೇಗ ಆವಿಯಾಗುವಾಗ ತಗಡಿನ ಮೈ ತಣ್ಣಗಾಗಿ, ಗಾಳಿಯ ತೇವ ಹಸಿ ಬಣ್ಣದ ಮೇಲೆಯೇ ಇಬ್ಬನಿಯಾಗಿ ಕೂರುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಇದನ್ನು ತಪ್ಪಿಸುವ ಉಪಾಯ ನನ್ನಂಥ ಮನೆ ಕೆಲಸದವರಿಗೆ ಇಲ್ಲ.

ಎಲ್ಲವನ್ನೂ ತಿಕ್ಕಿ ತೆಗೆಯುವಾಗ ಇನ್ನೊಂದು ತಪ್ಪು ಬಯಲಾಯಿತು. ಬಣ್ಣಕ್ಕೆ ಮೊದಲು ಬಳಿದಿದ್ದ ಪ್ರೈಮರಿನ ಕೆಳಗೆ ಸಾಸಿವೆಯಂಥ ಗುಳ್ಳೆಗಳೆದ್ದು, ಪ್ರತಿಯೊಂದರ ಒಳಗೆ ಹೊಸ ತುಕ್ಕು ಇತ್ತು. ತುಕ್ಕಿನ ಕುಳಿಗಳ ತಳದಲ್ಲಿ ಕಡಲಿನ ಉಪ್ಪು ಇನ್ನೂ ಉಳಿದಿತ್ತು ಎಂದು ಇದರ ಅರ್ಥ. ಘಟ್ಟದ ಮೇಲಿನ ಗಾಡಿಗಳಿಗೆ ಒಮ್ಮೆ ಉಜ್ಜಿ ಬಣ್ಣ ಹೊಡೆದರೆ ಸಾಕಾಗಬಹುದು, ಕಡಲಬದಿಯದಕ್ಕೆ ಸಾಲದು. ಈ ಸಲ ಬೋಳು ತಗಡನ್ನು ಕುದಿಯುವ ನೀರಿನಿಂದ ತೊಳೆದು, ಒಲೆಯ ಕಾವಿನಲ್ಲಿ ಒಣಗಿಸಿ, ಮತ್ತೆ ಉಜ್ಜಿ, ಹೀಗೆ ಮೂರು ಸುತ್ತು ಮಾಡಿದೆ. ಬಣ್ಣದ ಡಬ್ಬ ತೆರೆದದ್ದು ಸೆಪ್ಟೆಂಬರಿನ ಬಿಸಿಲು ಬಂದ ಮೇಲೆಯೇ. ಟ್ಯಾಂಕಿನ ಹೊರಮೈಯ ಎಡಬದಿಯಲ್ಲಿ ಮೂಲ ಬಣ್ಣ ಚೆನ್ನಾಗಿದ್ದುದರಿಂದ ಅದನ್ನು ಮುಟ್ಟಲಿಲ್ಲ. ಎರಡು ಬದಿಗೂ ಛಾಯೆಯಲ್ಲಿ ತುಸು ವ್ಯತ್ಯಾಸ ಕಾಣುತ್ತದೆ, ಆದರೂ ಕಾರ್ಖಾನೆಯಲ್ಲಿ ಬಳಿದ ಬಣ್ಣ ಗಟ್ಟಿಯಾಗಿರುವಾಗ ಅದನ್ನು ಕೆರೆದು ಹಾಕುವ ಮನಸ್ಸು ನನಗಾಗಲಿಲ್ಲ.

ಅಕ್ಟೋಬರ್

ಚೌತಿ ಮುಗಿದ ಮೇಲೆ ಜೋಡಣೆ ಬೇಗ ಸಾಗಿತು. ಬಲಬದಿಗೆ ಹೊಸ ಸೈಲೆನ್ಸರ್ ಹಾಕಿದೆ, ಎಡಬದಿಯದನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಒಳಗಿನ ಮಸಿ ತೆಗೆದು ಉಳಿಸಿಕೊಂಡೆ. ಇಂಜಿನಿಗೆ ಕಿಡಿ ಕೊಡಿಸುವ ಪಾಯಿಂಟಿನ ಅಂತರ 0.4 ಮಿಲಿಮೀಟರಿಗೆ ಕೂರಿಸಿ, ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸಿದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಹೀರಿಕೊಳ್ಳುವುದರಿಂದ ಗಾಡಿ ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಖಾಲಿ ಮಾಡಿಡುತ್ತೇನೆ.

ಯೆಜ್ಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಮೇಲೆ ತಿರುಗಿಸಿ ತುಳಿದಾಗ ಏಳನೆಯ ತುಳಿತಕ್ಕೆ ಇಂಜಿನ್ ಹತ್ತಿಕೊಂಡಿತು. ಮೊದಲ ಎರಡು ನಿಮಿಷ ಜೋಡಣೆಯಲ್ಲಿ ಸವರಿದ್ದ ಎಣ್ಣೆಯ ಹೊಗೆ ದಟ್ಟವಾಗಿ ಬಂದು, ಆಮೇಲೆ ತೆಳುವಾಯಿತು. ಆಕ್ಸಲರೇಟರ್ ಬಿಟ್ಟ ಕೂಡಲೇ ಓಟ ಇಳಿದು ಇಂಜಿನ್ ನಿಲ್ಲದೆ ಸಾವಕಾಶವಾಗಿ ಆಡತೊಡಗಿತು. ಅಪ್ಪಯ್ಯ ಜಗಲಿಯಿಂದ ಎದ್ದು ಬಂದು, ಎರಡೂ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು, ಎರಡರಲ್ಲಿಯೂ ಸಮನಾಗಿ ಹೊಡೆಯುತ್ತಿದೆ ಎಂದರು.

ಗಾಡಿ ರಸ್ತೆಗೆ ಇಳಿಯಲು ನೋಂದಣಿಯ ನವೀಕರಣ ಆಗಬೇಕು. ಐವತ್ತು ವರ್ಷ ತುಂಬಿದ ವಾಹನಗಳಿಗೆ ಮಾತ್ರ ವಿಂಟೇಜ್ ನೋಂದಣಿ ಸಿಗುವುದರಿಂದ ನಮ್ಮದು ಅದಕ್ಕೆ ಸೇರುವುದಿಲ್ಲ. ಫಾರಂ 29 ಮತ್ತು 30ರ ಮೂಲಕ ಹೆಸರು ವರ್ಗಾವಣೆಗೂ, ಫಾರಂ 25ರ ಮೂಲಕ ನವೀಕರಣಕ್ಕೂ ಅರ್ಜಿ ಕೊಟ್ಟಿದ್ದೇನೆ. ಅಲ್ಲಿಯವರೆಗೆ ನಮ್ಮ ಬೇಣದ (ಹುಲ್ಲುಗಾವಲಿನ) ಸುತ್ತಿನ ಮಣ್ಣುದಾರಿಯಲ್ಲಿಯೇ ಓಡಿಸುತ್ತಿದ್ದೇನೆ.

ಹೀಗೆ ಒಟ್ಟು ಹನ್ನೆರಡು ಗಂಟೆ ಓಡಿಸಿದ ಮೇಲೆ, ನಿನ್ನೆ ಗೇರ್ ಎಣ್ಣೆಯನ್ನು ಪೂರ್ತಿ ಬಸಿದು ಅಳತೆಯ ಪಾತ್ರೆಗೆ ಸುರಿದೆ. ಹಾಕುವಾಗ ಪಾತ್ರೆಯ ಮೇಲೆ ಗೀಚಿಟ್ಟಿದ್ದ ಗೆರೆಗೆ ಅದು ಮುಟ್ಟಿತು, ಗೋಡೆಗೆ ಅಂಟಿಕೊಂಡ ನಾಲ್ಕು ಹನಿ ಬಿಟ್ಟರೆ ಏನೂ ಕಡಿಮೆಯಾಗಿರಲಿಲ್ಲ. ಮಾಸ್ತರರಿಗೆ ಫೋನು ಮಾಡಿ ಇಷ್ಟನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪುಸ್ತಕದಲ್ಲಿ ಬರೆದಿಟ್ಟಿರಾ ಎಂದು ಕೇಳಿದರು. ಅವರ ಕೊನೆಯ ಸಾಲಿನ ಕೆಳಗೆ ದಿನಾಂಕ ಹಾಕಿ ಬರೆದಿಟ್ಟೆ.